ಮಾವಿನಹಣ್ಣು ಸೇರದ ಮಾಸ್ತರ

ಧಾರವಾಡದಲ್ಲಿ ದೇವರನ್ನು ನಂಬದವನಿಗೂ ಹೆಣ್ಣು ಕೊಡುತ್ತಿದ್ದರು. ಮಾವಿನಹಣ್ಣು ಸೇರದವನಿಗೆ ಕೊಡುವ ಮುಂಚೆ ಮಾತ್ರ ಮನೆಮಂದಿಯೆಲ್ಲ ಕೂತು ಒಮ್ಮೆ ಯೋಚನೆ ಮಾಡುತ್ತಿದ್ದರು. ನೀಲಗಂಗಾಳ ತವರಿನವರೂ ಮಾಡಿದ್ದರು. ಹುಡುಗ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಾನೆ, ಚಟಗಳಿಲ್ಲ, ಒಬ್ಬನೇ ಮಗ, ತಾಯಿ ಸಂಗವ್ವ ಅಡಿಗೆಯಲ್ಲಿ ಇಡೀ ಗುಡ್ಡದೋಣಿ ಬಡಾವಣೆಗೇ ಹೆಸರಾದವಳು. ಎಲ್ಲಾ ಸರಿ. ಆದರೆ ಹೆಣ್ಣು ನೋಡಲು ಬಂದ ದಿನ ಬಟ್ಟಲ ತುಂಬ ಸೀಕರಣಿ ತಂದಿಟ್ಟರೆ ಚನ್ನವೀರ ಅದನ್ನು ಮೆಲ್ಲಗೆ ಆಚೆ ಸರಿಸಿ, "ನಿಮಗ ಸೇರತೈತಿ, ನೀವು ತಿನ್ರಿ. ನನಗ ಸೇರಂಗಿಲ್ಲ" ಎಂದುಬಿಟ್ಟಿದ್ದ. ಆಪೂಸಿನ ಹಣ್ಣು ಹಿಂಡಿ, ಹಾಲು, ಸಕ್ಕರೆ, ಏಲಕ್ಕಿ ಬೆರೆಸಿ ಮಾಡಿದ ಸೀಕರಣಿಯನ್ನು ಬೇಡ ಅನ್ನುವ ಗಂಡಸನ್ನು ನೀಲಗಂಗಾಳ ಸೋದರಮಾವ ಜನ್ಮದಲ್ಲಿ ಕಂಡಿರಲಿಲ್ಲ. ಆತ ಬಾಯಿ ಬಿಟ್ಟುಕೊಂಡು ಕೂತ. ಬಾಗಿಲ ಸಂದಿಯಲ್ಲಿ ನಿಂತಿದ್ದ ನೀಲಗಂಗಾಳಿಗೆ ಮಾತ್ರ ನಗು ಬಂತು. ಇವನು ಯಾವತ್ತಾದರೂ ಚೆನ್ನಾಗಿದೆ ಅಂದರೆ ಅದು ನಿಜವಾಗಿಯೂ ಚೆನ್ನಾಗಿರುತ್ತದೆ ಎಂದು ಅವಳಿಗೆ ಅನ್ನಿಸಿತು. ಅಷ್ಟಕ್ಕೇ ಮನಸ್ಸಿನಲ್ಲಿ ಹೂಂ ಅಂದುಬಿಟ್ಟಳು.

ಅದೆಲ್ಲ ಕೂಡುಗುಂಡಿ ಬರುವ ಮುಂಚಿನ ಮಾತು.

ಕೂಡುಗುಂಡಿ ನೋಡಲು ಅಂಗಿಯ ಗುಂಡಿಯಷ್ಟೇ. ಕಿವಿಯ ಹಿಂದೆ ಅಂಟಿಸಿಕೊಂಡರೆ ಆಯಿತು. ಬಾಯಿಗೆ ರುಚಿಯಾದದ್ದು ಬಿದ್ದಾಗ ಮೆದುಳಿನ ಒಂದು ಮೂಲೆಯಲ್ಲಿ ಏಳುವ ಅಲೆಯನ್ನು ಅದು ಹಿಡಿಯುತ್ತದೆ, ಊಟದ ಮನೆಯ ಮಾಡಿನಲ್ಲಿರುವ ಪೆಟ್ಟಿಗೆಗೆ ಕಳಿಸುತ್ತದೆ. ಪೆಟ್ಟಿಗೆ ಎಲ್ಲರ ಅಲೆಗಳನ್ನೂ ಒಟ್ಟುಗೂಡಿಸಿ, ದೊಡ್ಡದು ಮಾಡಿ, ಮರಳಿ ಎಲ್ಲರಿಗೂ ಹಂಚುತ್ತದೆ. ರಸಶಾಲೆ ಎಂಬ ಪ್ರಯೋಗಾಲಯದ ಡಾ. ಗಲಗಲಿ ಇದನ್ನು ಮಾಡಿದ್ದು ಕಾಯಿಲೆಯಿಂದ ನಾಲಿಗೆ ಸತ್ತುಹೋದವರಿಗಾಗಿ. ಮಗಳ ಪಕ್ಕ ಕೂತು ಮಗಳ ನಾಲಿಗೆಯ ಸವಿಯನ್ನು ತಾವು ಸವಿದು ಗಳಗಳ ಅತ್ತ ಮುದುಕರಿದ್ದರು. ಅಲ್ಲಿಗೇ ನಿಂತಿದ್ದರೆ ಡಾಕ್ಟರರಿಗೆ ಒಂದು ಪ್ರತಿಮೆ ನಿಲ್ಲಿಸಿ ಕೈ ಮುಗಿಯಬಹುದಿತ್ತು.

ಆದರೆ ಸುಖ ಬಂದು ಬಾಗಿಲು ತಟ್ಟಿದರೆ ಯಾರು ಒಳಗೆ ಕರೆಯುವುದಿಲ್ಲ? ಮೊದಲು ಮದುವೆಮನೆಗಳಿಗೆ ಬಂತು, ಆಮೇಲೆ ಬಡಾವಣೆಗೊಂದು ಊಟದ ಮನೆ ಎದ್ದಿತು. ಪಂಕ್ತಿಯಲ್ಲಿ ಕೂತು ತಿಂದರೆ ಒಂದು ತುತ್ತು ಹೋಳಿಗೆಯಲ್ಲಿ ಇಡೀ ಪಂಕ್ತಿಯ ಖುಷಿ ಬಂದು ಬಾಯಿಗೆ ಬೀಳುತ್ತಿತ್ತು. ಸ್ವಲ್ಪ ದಿನಕ್ಕೆ ಮನೆಯಲ್ಲಿ ಒಬ್ಬರೇ ಕೂತು ತಿಂದರೆ ಏನೂ ಅನ್ನಿಸದ ಹಾಗಾಯಿತು. ಜನ ಮನೆಯ ಒಲೆ ಹಚ್ಚುವುದನ್ನೇ ಕಡಿಮೆ ಮಾಡಿದರು.

ಇದರಲ್ಲಿ ಒಂದೇ ಒಂದು ಕೊರತೆ ಇತ್ತು. ಬೇಕು ಅನ್ನುವ ಅಲೆಗಿಂತ ಬೇಡ ಅನ್ನುವ ಅಲೆ ಹಳೆಯದು, ಬಲಶಾಲಿ. ಕಾಡಿನಲ್ಲಿದ್ದಾಗ ವಿಷದ ಕಾಯಿಯನ್ನು ಥೂ ಎಂದು ಉಗಿದವರು ಉಳಿದರು, ಉಗಿಯದವರು ಹೋದರು. ನಾವು ಉಗಿದವರ ಮಕ್ಕಳು. ಹಾಗಾಗಿ ಒಬ್ಬನ ಬಾಯಿಯ ಬೇಸರ ಇಡೀ ಪಂಕ್ತಿಯ ಸವಿಯನ್ನು ನುಂಗಿಹಾಕುತ್ತಿತ್ತು. ಅಂಥವರಿಗೆ ಜನ ಹುಳಿ ಎಂದು ಹೆಸರಿಟ್ಟರು. ಹಾಲಿಗೆ ಹುಳಿ ಹಿಂಡುವವರು.

ಹುಳಿ ಹುಡುಕುವುದೇ ನೀಲಗಂಗಾಳ ಕೆಲಸ. ಊಟದ ಮನೆಯ ಮೇಲೆ ಗಾಜಿನ ಕೋಣೆಯಲ್ಲಿ ಕೂತು ಅವಳು ಪರದೆಯ ಮೇಲಿನ ಹಸಿರು ಗೆರೆಯನ್ನು ನೋಡುತ್ತಿದ್ದಳು. ಗೆರೆ ಮೇಲಿದ್ದರೆ ಕೆಳಗೆ ಜನ ಸುಖವಾಗಿ ಉಣ್ಣುತ್ತಿದ್ದಾರೆ ಎಂದರ್ಥ. ಕುಸಿದರೆ ಒಂದೊಂದೇ ಸಾಲಿನ ಗುಂಡಿಗಳನ್ನು ಬಂದ್ ಮಾಡಿ, ನೋಡಿ, ಮತ್ತೆ ತೆರೆಯುತ್ತ ಹೋಗಬೇಕು. ಯಾವ ಸಾಲು ಮುಚ್ಚಿದಾಗ ಗೆರೆ ಜಿಗಿಯುತ್ತದೋ ಆ ಸಾಲಿನಲ್ಲಿ ಹುಳಿ ಇದೆ. ಆಮೇಲೆ ಅದೇ ಸಾಲಿನಲ್ಲಿ ಒಂದೊಂದೇ ಮಣೆ.

ಮೊದಮೊದಲು ಹುಳಿಗಳಿಗೆ ಯಾರೂ ಏನೂ ಮಾಡುತ್ತಿರಲಿಲ್ಲ. ಅವರಿಗಾಗಿ ಹೊರಗೆ ಪಡಸಾಲೆಯಲ್ಲಿ ಗುಂಡಿಯಿಲ್ಲದ ಒಂದು ಪಂಕ್ತಿ ಹಾಕುತ್ತಿದ್ದರು. ಚನ್ನವೀರ ಅಲ್ಲಿ ಆರಾಮಾಗಿದ್ದ. ಒಳಗೆ ಸೀಕರಣಿ ನಡೆದಿದ್ದರೆ ಅವನು ಹೊರಗೆ ಜೋಳದ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು, ಪಕ್ಕದಲ್ಲಿದ್ದ ನಿವೃತ್ತ ಸ್ಟೇಶನ್ ಮಾಸ್ತರ ಜಹಗೀರದಾರರ ಜತೆ ಹರಟೆ ಹೊಡೆಯುತ್ತಿದ್ದ. ಜಹಗೀರದಾರರಿಗೆ ತುಪ್ಪದ ವಾಸನೆ ಆಗದು. ಇಬ್ಬರೂ ಒಬ್ಬರಿಗೊಬ್ಬರು ಚೇಷ್ಟೆ ಮಾಡುತ್ತ, ಒಳಗಿನವರಿಗಿಂತ ಜೋರಾಗಿ ನಗುತ್ತಿದ್ದರು. ಹಣ್ಣಿನ ಹಂಗಾಮು ಬಂತೆಂದರೆ ಪೇಟೆಗೆ ಹೋಗಿ, ಹುಲ್ಲಿನಲ್ಲಿ ಹಣ್ಣು ಮಾಡಿದ ಆಪೂಸನ್ನು ಆರಿಸಿ ಮನೆಗೆ ತರುತ್ತಿದ್ದವನೂ ಚನ್ನವೀರನೇ. ಹೆಂಡತಿಗೆ ಸೇರುತ್ತದೆ, ತರುತ್ತಾನೆ. ತನಗೆ ಸೇರುವುದಿಲ್ಲ, ತಿನ್ನುವುದಿಲ್ಲ. ಅವನ ಮಟ್ಟಿಗೆ ಇದರಲ್ಲಿ ಜಗಳವೇ ಇರಲಿಲ್ಲ.

ಜಗಳ ಹುಟ್ಟಿಸಿದ್ದು ಒಂದು ಒಳ್ಳೆಯ ಮಾತು. ಒಂದು ಸಂಜೆ ಡಾ. ಗಲಗಲಿಯವರು ಊಟದ ಮನೆಗೆ ಬಂದು, ಹೊರಗಿನ ಪಂಕ್ತಿಯನ್ನು ನೋಡಿ, ಕಣ್ಣಲ್ಲಿ ನೀರು ತಂದುಕೊಂಡರು. ಅವರದು ಬಲು ಮೃದುವಾದ ದನಿ.

"ನಮ್ಮ ಅಜ್ಜಂದಿರು ಜಾತಿ ನೋಡಿ ಪಂಕ್ತಿ ಬ್ಯಾರೆ ಮಾಡಿದ್ರು. ನಾವೂ ಅದನ್ನ ಮಾಡೋದೇನು? ಪಂಕ್ತಿಭೇದ ಪಾಪ ಅದ. ಇನ್ನ ಮ್ಯಾಲೆ ಎಲ್ಲಾರೂ ಒಳಗ, ಎಲ್ಲಾರೂ ಒಂದ ಸಾಲಿನ್ಯಾಗ."

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಚನ್ನವೀರ ಮಾತ್ರ, "ಡಾಕ್ಟರ್ ಸಾಹೇಬ್ರ, ನಾವು ಇಲ್ಲಿ ಬೇಕಂತ ಕುಂತೇವ್ರಿ. ಯಾರೂ ಹೊರಗ ಹಾಕಿಲ್ಲ" ಎಂದ. ಚಪ್ಪಾಳೆಯ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಎಲ್ಲರೂ ಒಳಗೆ ಬಂದರೆ ಗೆರೆ ಕುಸಿಯುತ್ತದಲ್ಲ? ಅದಕ್ಕೂ ರಸಶಾಲೆಯಲ್ಲಿ ಉಪಾಯ ಇತ್ತು. ಹುಳಿಗಳ ತಲೆಗೆ ಒಂದು ಟೊಪ್ಪಿಗೆ ಹಾಕಿ ಒಂದು ತಾಸು ಕೂಡಿಸಿದರೆ ಬೇಡ ಅನ್ನುವ ಅಲೆ ಮತ್ತೆ ಏಳುತ್ತಿರಲಿಲ್ಲ. ಇದಕ್ಕೆ ಒಪ್ಪ ಎಂದು ಹೆಸರು. ಪಾತ್ರೆಗೆ ಒಪ್ಪ ಹಾಕಿದ ಹಾಗೆ ಮನುಷ್ಯನಿಗೆ ಒಪ್ಪ. ಯಾರಿಗೂ ಒತ್ತಾಯವಿಲ್ಲ ಎಂದು ಡಾಕ್ಟರರು ಪ್ರತಿ ಸಲವೂ ಹೇಳುತ್ತಿದ್ದರು, ಹೇಳಿದ್ದು ಸುಳ್ಳೂ ಅಲ್ಲ. ಜಹಗೀರದಾರರು ಬೇಡ ಅಂದರು, ಯಾರೂ ಒತ್ತಾಯ ಮಾಡಲಿಲ್ಲ. ಓಣಿಯವರು ಅವರ ಜತೆ ಮಾತು ಬಿಟ್ಟರು, ಅಷ್ಟೆ. ಮಳೆಗಾಲದಲ್ಲಿ ಅವರ ಹೆಂಡತಿ ತೀರಿಕೊಂಡರು. ಚನ್ನವೀರ ಕೂಡಲೆ ಅವರ ಮನೆಗೆ ಓಡಿದ. ಇನ್ನೊಬ್ಬ ಬರಲಿಲ್ಲ. ಹೆಣ ಹೊರಲು ನಾಲ್ಕು ಹೆಗಲು ಸಿಗದೆ ಸಂಜೆಯವರೆಗೆ ಕಾದು, ಮುದುಕರು ತಾವೇ ಎದ್ದುಹೋಗಿ ಡಾಕ್ಟರರ ಮುಂದೆ ಕೈ ಮುಗಿದರು. ಒಪ್ಪ ಹಾಕಿಸಿಕೊಂಡ ಮೇಲೆ ಹೆಗಲುಗಳಿಗೆ ಕೊರತೆಯಾಗಲಿಲ್ಲ. ಹದಿಮೂರನೆಯ ದಿನದ ಊಟದಲ್ಲಿ ಜಹಗೀರದಾರರು ಮತ್ತೆ ಮತ್ತೆ ತುಪ್ಪ ಹಾಕಿಸಿಕೊಂಡು, ನಗುನಗುತ್ತ ಎಲ್ಲರನ್ನೂ ಉಪಚರಿಸಿದರು.

ಆ ನಗು ನೋಡಿದ ಮೇಲೆ ನೀಲಗಂಗಾಳಿಗೆ ನಿದ್ದೆ ಹಾರಿಹೋಯಿತು. ಗಾಜಿನ ಕೋಣೆಯ ಮೇಜಿನಲ್ಲಿ ಪ್ರತಿ ಮಣೆಗೂ ಒಂದು ಸಣ್ಣ ಕೀಲಿ ಇತ್ತು. ಜ್ವರ ಬಂದವರ, ವಾಕರಿಕೆಯ ಬಸುರಿಯರ ಗುಂಡಿಯನ್ನು ಆ ಹೊತ್ತಿಗೆ ಬಂದ್ ಮಾಡಲು ಇಟ್ಟದ್ದು. ಅಲ್ಲಿಂದ ಮುಂದೆ ಸೀಕರಣಿ ಊಟ ಇದ್ದಾಗಲೆಲ್ಲ ಅವಳು ಗಂಡನ ಮಣೆಯ ಕೀಲಿಯನ್ನು ಯಾರಿಗೂ ಕಾಣದಂತೆ ತಿರುವಿಬಿಡುತ್ತಿದ್ದಳು. ಚನ್ನವೀರ ಔಷಧ ಕುಡಿದ ಹಾಗೆ ಸೀಕರಣಿಯನ್ನು ನೀರಿನ ಜತೆ ನುಂಗಿ, ಮನೆಗೆ ಬಂದು ಬಾಯಿ ಮುಕ್ಕಳಿಸುತ್ತಿದ್ದ. ಗೆರೆ ಕುಸಿಯದ್ದನ್ನು ನೋಡಿ ಮಾಸ್ತರರಿಗೆ ಹಣ್ಣು ರೂಢಿಯಾಯಿತೆಂದು ಜನ ತಿಳಿದರು, ಒಪ್ಪ ಹಾಕಿಸಿಕೊ ಎಂದು ಯಾರೂ ಅನ್ನಲಿಲ್ಲ. ಇಂಥ ಕಳ್ಳತನ ಸಿಕ್ಕಿಬಿದ್ದರೆ ಮಾತ್ರ ಒಪ್ಪಿಗೆ ಕೇಳುವ ಮಾತಿಲ್ಲ, ಮಾಡಿದವರಿಗೂ ಮಾಡಿಸಿಕೊಂಡವರಿಗೂ ಒಪ್ಪ. ಅವಳು ಆ ಭಯವನ್ನು ನುಂಗಿಕೊಂಡೇ ಎರಡು ಹಂಗಾಮು ದಾಟಿಸಿದಳು.

ಮೂರನೆಯ ಹಂಗಾಮಿನಲ್ಲಿ ಬಡಾವಣೆಯವರಿಗೆ ಇನ್ನೊಂದು ಒಳ್ಳೆಯ ಯೋಚನೆ ಬಂತು. ಇಷ್ಟು ವರ್ಷ ಬಡಿಸುವವರು ಹೆಂಗಸರು. ಗಂಡಸರು, ಮಕ್ಕಳು, ಬೀಗರು ಎಲ್ಲ ಉಂಡೆದ್ದ ಮೇಲೆ ಅವರು ಹಿಂದಿನ ಅಡಿಗೆಮನೆಯಲ್ಲಿ ಕೂತು ಉಳಿದದ್ದನ್ನು ಉಣ್ಣುತ್ತಿದ್ದರು. ಅಲ್ಲಿಗೆ ಪೆಟ್ಟಿಗೆಯ ಅಲೆ ಮುಟ್ಟುತ್ತಿರಲಿಲ್ಲ, ಹಾಗಾಗಿ ಅವರಿಗೆ ಗುಂಡಿಯೂ ಇರಲಿಲ್ಲ. ಈ ಸಲ ಆ ಹಿರಿಯ ಹೆಂಗಸರಿಗೆ ಶಾಲು ಹೊದಿಸಿ, ಕಿವಿಯ ಹಿಂದೆ ಗುಂಡಿ ಹಚ್ಚಿ, ಮೊದಲ ಸಾಲಿನಲ್ಲಿ ಕೂಡಿಸಿ, ಗಂಡಸರು ಬಡಿಸಬೇಕು ಎಂದಾಯಿತು. ಮೊದಲ ಮಣೆ ಸಂಗವ್ವನಿಗೆ. ನೂರಾರು ಜನರ ಸೀಕರಣಿಯ ಹದ ಹೇಳುತ್ತಿದ್ದವಳು ಅವಳೇ ತಾನೆ. ಅವಳ ಪಕ್ಕದ ಮಣೆ ಮಗನಿಗೆ.

"ನನಗ್ಯಾಕ್ರೋ ಇದೆಲ್ಲಾ? ನಾ ಬಡಸತೇನಿ ಬಿಡ್ರಿ" ಎಂದು ಸಂಗವ್ವ ಎರಡು ಸಲ ಎದ್ದಳು. ಮುದುಕಿಗೆ ನಾಚಿಕೆ ಎಂದು ಎಲ್ಲರೂ ನಕ್ಕು ಭುಜ ಹಿಡಿದು ಕೂಡಿಸಿದರು.

ಮೇಲೆ ನೀಲಗಂಗಾ ಗಂಡನ ಕೀಲಿ ತಿರುವಿ ಕೂತಿದ್ದಳು. ಆಮೇಲೆ ಮೇಲೆ ಬಂದ ಡಾ. ಗಲಗಲಿಯವರು ಅವಳ ಹಿಂದೆಯೇ ನಿಂತು ಗಾಜಿನಿಂದ ಕೆಳಗಿನ ಪಂಕ್ತಿ ನೋಡುತ್ತಿದ್ದರು. ಕೆಳಗೆ ಮೊದಲ ತುತ್ತು ಬಾಯಿಗೆ ಹೋಯಿತು. ಹಸಿರು ಗೆರೆ ಏಳಬೇಕಾದದ್ದು ನೆಲ ಕಚ್ಚಿತು. ಊಟದ ಮನೆಯಲ್ಲಿ ಜನ ಎತ್ತಿದ ಕೈ ಎತ್ತಿದಲ್ಲೇ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡತೊಡಗಿದರು.

ನೀಲಗಂಗಾಳ ಮೊದಲ ಯೋಚನೆ ತನ್ನ ಕೀಲಿ ಕೆಟ್ಟಿತೇ ಎಂದು. ನೋಡಿದಳು, ಇಲ್ಲ, ಚನ್ನವೀರನ ಗುಂಡಿ ಬಂದ್ ಇದೆ. ಹಿಂದಿನ ಸಾಲಿನಿಂದ ಒಂದೊಂದೇ ಮುಚ್ಚಿ ತೆರೆಯುತ್ತ ಬಂದಳು. ಗೆರೆ ಅಲುಗಲಿಲ್ಲ. ಮೊದಲ ಸಾಲು ಮುಚ್ಚಿದೊಡನೆ ನೆಗೆಯಿತು. ಆ ಸಾಲನ್ನು ಮತ್ತೆ ತೆರೆದು, ಮಣೆಗಳನ್ನು ಒಂದೊಂದಾಗಿ ಮುಚ್ಚಿ ತೆರೆಯುತ್ತ ಹೋದಳು. ಕೊನೆಗೆ ಉಳಿದದ್ದು ಅತ್ತೆಯ ಮಣೆ. ಅದನ್ನು ಮುಚ್ಚಿದಳು. ಗೆರೆ ಚಾವಣಿಗೆ ಏರಿತು. ಕೆಳಗೆ ಜನ ಹಾ ಎಂದು ಉಸಿರು ಬಿಟ್ಟು ಬಟ್ಟಲಿಗೆ ಬೆರಳು ಹಾಕಿದರು. ನೀಲಗಂಗಾ ಗಾಜಿನಿಂದ ಅತ್ತೆಯನ್ನು ನೋಡಿದಳು. ಸಂಗವ್ವ ಸೆರಗಿನಿಂದ ಬಾಯಿ ಒತ್ತಿಕೊಂಡು ತಲೆ ತಗ್ಗಿಸಿ ಕೂತಿದ್ದಳು.

"ಮದಲನೇ ಸಾಲಿನ್ಯಾಗ ಸಿಕ್ಕಿತು ಅಲ್ಲ?" ಡಾಕ್ಟರರು ಕನ್ನಡಕ ಒರೆಸಿಕೊಳ್ಳುತ್ತ ಕೇಳಿದರು. "ಯಾರು ತಂಗಿ?"

ಅವಳು ಅಕ್ಕಪಕ್ಕದ ಎರಡು ಕೀಲಿಗಳನ್ನು ಅಂಗೈಯಿಂದ ಮರೆಮಾಡಿದಳು.

"ನಿಮಗ ಹೇಳಲಿಕ್ಕೆ ಕಷ್ಟ ಆಗತದ, ನನಗ ಗೊತ್ತದ" ಎಂದರು ಅವರು, ಬಲು ಕನಿಕರದಿಂದ. "ಮಾಸ್ತರ್ರು, ಹೌದಲ್ರಿ?"

ಅಲ್ಲ ಅಂದರೆ ಅವನ ಗುಂಡಿ ಬಂದ್ ಇದ್ದದ್ದು ಹೊರಬೀಳುತ್ತದೆ. ಅತ್ತೆ ಅಂದರೆ ಅತ್ತೆಯನ್ನು ಒಯ್ಯುತ್ತಾರೆ, ಬೇಡ ಅಂದರೆ ಜಹಗೀರದಾರರಿಗಾದದ್ದೇ ಆಗುತ್ತದೆ. ಅಷ್ಟು ವಯಸ್ಸಾದವರಿಗೆ ಒಪ್ಪ ಹಾಕಿದರೆ ಕೆಲವರಿಗೆ ಆಮೇಲೆ ಮಾತೇ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗಂಡ ಗಟ್ಟಿಮುಟ್ಟಾಗಿದ್ದಾನೆ, ತಡೆದುಕೊಳ್ಳುತ್ತಾನೆ. ಇಷ್ಟೆಲ್ಲ ಲೆಕ್ಕ ಅವಳ ತಲೆಯಲ್ಲಿ ನಡೆಯಿತೋ ಅಥವಾ ಬರೀ ತನ್ನ ಜೀವದ ಭಯವೋ, ಅವಳೇ ಹೇಳಲಾರಳು. ತಲೆ ಮಾತ್ರ ಹೌದು ಎಂದು ಆಡಿಬಿಟ್ಟಿತು. ಡಾಕ್ಟರರು ಅವಳ ಬೆನ್ನು ತಟ್ಟಿ, ನಿಮ್ಮಂಥವರು ಇರಬೇಕು ಎಂದು ಕೆಳಗಿಳಿದರು.

ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅವಳು ನಡೆದದ್ದನ್ನೆಲ್ಲ ಹೇಳಿದಳು, ತಾನು ತಲೆಯಾಡಿಸಿದ್ದನ್ನೂ ಬಿಡದೆ. ಚನ್ನವೀರ ಅವ್ವನ ಕಡೆ ತಿರುಗಿದ.

"ಅವ್ವಾ, ಖರೇ ಏನು? ನಿನಗ ಆ ಹಣ್ಣ ಸೇರಂಗಿಲ್ಲ?"

"ಸಣ್ಣಾಕಿದ್ದಾಗಿಂದಾನೂ ಸೇರಂಗಿಲ್ಲ" ಎಂದಳು ಸಂಗವ್ವ. "ವಾಸನಿ ಬಂದ್ರ ಹೊಟ್ಟ್ಯಾಗ ತಿರುವಿದಂಗ ಆಗತೈತಿ."

"ಮತ್ತ ಇಷ್ಟ್ ವರ್ಷ ಯಾಕ ಹೇಳಲಿಲ್ಲ?"

"ಯಾರ ಕೇಳಿದ್ರಪಾ? ನಿಮ್ಮಪ್ಪಗ ಸೇರತಿತ್ತು, ಮಾಡಿದೆ. ಹಿಂದ ಅಡಿಗಿಮನ್ಯಾಗ ಕುಂತು ರೊಟ್ಟಿ ಮುರಕೊಂಡು ತಿಂದ್ರ ಯಾರ ನೋಡತಿದ್ರು?"

"ಹಂಗಾದ್ರ ಸಣ್ಣಾಂವಿದ್ದಾಗ ನನಗ ಯಾಕ ಬಡಿದು ಬಡಿದು ತಿನಸತಿದ್ದಿ?"

"ನೀ ಗಂಡಸು. ಹೊರಗ ನಾಕು ಮಂದ್ಯಾಗ ಕುಂತು ಉಣ್ಣಾಂವ. ನನ್ನಂಗ ಆಗಬಾರದು ಅಂತ ಬಡದೆ."

ಚನ್ನವೀರ ಜೋರಾಗಿ ನಕ್ಕ. ಸಂಗವ್ವನಿಗೂ ಸ್ವಲ್ಪ ನಗು ಬಂತು. ಆ ಮನೆಯಲ್ಲಿ ತಾಯಿ ಮಗ ಹಾಗೆ ಒಂದೇ ಮಾತಿಗೆ ನಕ್ಕಿದ್ದನ್ನು ನೀಲಗಂಗಾ ಅದೇ ಮೊದಲು ನೋಡಿದ್ದು. ಅವಳಿಗೆ ಸಂಕಟ ತಡೆಯಲಾಗಲಿಲ್ಲ.

"ನಾಳೆ ನಾ ಹೋಗಿ ಖರೇ ಹೇಳತೇನ್ರಿ. ಆಗೂದು ಆಗಲಿ."

"ಹೇಳಿದ್ರ ನಿನ್ನೂ ಒಯ್ತಾರ, ಅವ್ವನ್ನೂ ಒಯ್ತಾರ" ಎಂದ ಚನ್ನವೀರ. "ಈ ವಯಸ್ಸಿನ್ಯಾಗ ಅಕಿ ತಡಕೊಳ್ಳಂಗಿಲ್ಲ. ನಾ ಹೋಗತೇನಿ ಬಿಡು. ಹೆಂಗೂ ಊರಿಗೆಲ್ಲಾ ನಾನ ಹುಳಿ."

ಇಬ್ಬರೂ ಸಂಗವ್ವನ ಮುಖ ನೋಡಿದರು. ಬ್ಯಾಡೋ ಮಗನ ಎಂಬ ಒಂದು ಮಾತು ಅವಳು ಅನ್ನಬೇಕಿತ್ತು. ಅಂದಿದ್ದರೂ ಅವನು ಹೋಗುತ್ತಿದ್ದ, ಆದರೂ ಅನ್ನಬೇಕಿತ್ತು. ಅವಳು, "ಹಾಲು ಉಕ್ಕತೈತಿ ನೋಡತೇನಿ" ಎಂದು ಒಳಗೆ ಹೋದಳು. ಒಲೆಯ ಮೇಲೆ ಹಾಲಿರಲಿಲ್ಲ. ಭಯ ಮನುಷ್ಯನನ್ನು ಎಷ್ಟು ಸಣ್ಣವನನ್ನಾಗಿ ಮಾಡುತ್ತದೆ ಎಂದು ಹೇಳಲು ನೀಲಗಂಗಾಳಿಗಾದರೂ ಯಾವ ಬಾಯಿ ಇತ್ತು?

ರಸಶಾಲೆಯ ಕೋಣೆ ಬಿಳಿಯದಾಗಿ, ತಣ್ಣಗೆ, ಫಿನೈಲ್ ವಾಸನೆ ಹೊಡೆಯುತ್ತಿತ್ತು. ಟೊಪ್ಪಿಗೆಯನ್ನು ಒರೆಸುತ್ತಿದ್ದ ಡಾಕ್ಟರರನ್ನು ನೀಲಗಂಗಾ ಕೇಳಿದಳು, "ಹಣ್ಣಿಂದಷ್ಟ ಹೋಗತೈತೇನ್ರಿ? ಉಳಿದದ್ದೆಲ್ಲಾ ಹಂಗ ಇರತೈತಲ್ರಿ?"

ಡಾಕ್ಟರರು ಪ್ರಾಮಾಣಿಕ ಮನುಷ್ಯ. ಮುಚ್ಚುಮರೆ ಮಾಡಲಿಲ್ಲ.

"ನೋಡ್ರಿ ತಂಗಿ, ಹಣ್ಣು ಬ್ಯಾಡ, ಹೊಲಸು ಬ್ಯಾಡ, ಸುಳ್ಳು ಬ್ಯಾಡ, ಎಲ್ಲಾ ಬ್ಯಾಡಗಳೂ ಮೆದುಳಿನ್ಯಾಗ ಒಂದ ಕೋಣ್ಯಾಗ ಇರತಾವ. ಆ ಕೋಣಿಗೆ ಕೀಲಿ ಹಾಕಲಿಕ್ಕೆ ನಮಗ ಬರತದ. ಒಳಗ ಹೋಗಿ ಒಂದನ್ನ ಆರಿಸಿ ತಗಿಲಿಕ್ಕೆ ಇನ್ನೂ ಬಂದಿಲ್ಲ. ಆದ್ರ ಚಿಂತಿ ಮಾಡಬ್ಯಾಡ್ರಿ. ಇಲ್ಲಿಂದ ಹೋದವರು ಒಬ್ಬರೂ ತಕರಾರು ಹೇಳಿಲ್ಲ."

ಚನ್ನವೀರ ಕುರ್ಚಿಯಲ್ಲಿ ಕೂತ. ಹೆಂಡತಿಯನ್ನು ಹತ್ತಿರ ಕರೆದ.

"ಗಂಗಾ, ನಿನ್ನ ಹುಣಸಿ ಸಾರು ಛಲೋ ಇರತೈತಿ. ಹಾಗಲಕಾಯಿ ಪಲ್ಯ ಸುಮಾರು. ಹಾಡು ನೀ ಹಾಡಬ್ಯಾಡ." ಅವನು ನಕ್ಕು, ಆಮೇಲೆ ನಗು ಬಿಟ್ಟು ಹೇಳಿದ. "ಇವತ್ತ ಹೇಳಿಬಿಡತೇನಿ, ನಾಳಿಂದ ನನ್ನ ಮಾತಿಗೆ ಬೆಲಿ ಇರಂಗಿಲ್ಲ. ಭಾಳ ಮಂದಿ ಸೇರಂಗಿಲ್ಲ ನನಗ. ನೀ ಸೇರತಿ."

ಅವಳು ಗಾಜಿನಾಚೆ ನಿಂತು ನೋಡಿದಳು. ಅವನು ನರಳಲೂ ಇಲ್ಲ, ಕೂಗಲೂ ಇಲ್ಲ. ಹುಬ್ಬುಗಳ ನಡುವೆ ಯಾವಾಗಲೂ ಇರುತ್ತಿದ್ದ ಗಂಟು ನಿಧಾನಕ್ಕೆ ಬಿಚ್ಚಿಕೊಂಡಿತು. ತಾಸಿನ ಕೊನೆಗೆ ಎದ್ದು ಬಂದು, ಗೋಡೆ ನೋಡಿ, ಭಾಳ ಛಲೋ ಬಣ್ಣ ಎಂದ.

ಆಮೇಲಿನ ದಿನಗಳನ್ನು ಸುಖದ ದಿನಗಳು ಅನ್ನಬೇಕು, ಯಾಕೆಂದರೆ ಆ ಮನೆಯಲ್ಲಿ ಒಂದು ಬಿರುಸು ಮಾತು ಹುಟ್ಟಲಿಲ್ಲ. ಓಣಿಯ ಮಂದಿ, ಮಾಸ್ತರ್ರು ಎಷ್ಟು ಬದಲಾದರು ಎಂದು ಕೊಂಡಾಡಿದರು. ಸೀಕರಣಿ ಅವನಿಗೆ ಛಲೋ. ಸೀದ ರೊಟ್ಟಿಯೂ ಛಲೋ. ಕರೆಂಟು ಹೋದರೆ ಛಲೋ, ಬಂದರೆ ಛಲೋ. ಕಾಲೇಜಿನಲ್ಲಿ ಕಾವೇರಿ ಅರಬ್ಬೀ ಸಮುದ್ರ ಸೇರುತ್ತದೆ ಎಂದು ಬರೆದ ಹುಡುಗನಿಗೂ ಪೂರ್ತಿ ಅಂಕ ಕೊಟ್ಟು, ಛಲೋ ಬರದಾನ ಎಂದು ಪ್ರಾಂಶುಪಾಲರಿಗೆ ಹೇಳಿದ. ಅವರು ಅವನನ್ನು ಪಾಠದಿಂದ ತೆಗೆದು ಗಂಟೆ ಹೊಡೆಯಲು ಹಚ್ಚಿದರು. ಅದೂ ಅವನಿಗೆ ಛಲೋ ಆಯಿತು.

ನೀಲಗಂಗಾ ಹುಚ್ಚಿಯಂತೆ ಪರೀಕ್ಷೆ ಮಾಡತೊಡಗಿದಳು. ಸಾರಿಗೆ ಮೂರು ಹಿಡಿ ಉಪ್ಪು ಹಾಕಿದಳು, ಸುರಿದುಕೊಂಡು ಕುಡಿದ. ಅವನ ಅಪ್ಪನ ಹೆಸರು ಹಿಡಿದು ಬೈದಳು, ಕೇಳಿಕೊಂಡು ನಕ್ಕ. ಒಂದು ಮಧ್ಯಾಹ್ನ ತಡೆಯಲಾಗದೆ ಅವನ ಕಾಲ ಮೇಲೆ ಬಿದ್ದು, ತಾನೇ ಅವನನ್ನು ಹಿಡಿದುಕೊಟ್ಟದ್ದಕ್ಕೆ ಒಮ್ಮೆಯಾದರೂ ಸಿಟ್ಟು ಮಾಡು ಎಂದು ಅತ್ತಳು. ಚನ್ನವೀರ ಬಾಗಿ ಅವಳ ಮುಖವನ್ನು ಪ್ರೀತಿಯಿಂದ ನೋಡಿದ.

"ಅಳೂದೂ ಎಷ್ಟ್ ಛಂದ ಅಳತಿ ಗಂಗಾ. ಇನ್ನಷ್ಟು ಅಳು" ಎಂದ.

ಅವಳ ಅಳು ಅಲ್ಲೇ ನಿಂತುಹೋಯಿತು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಸಂಗವ್ವ ಸದ್ದಿಲ್ಲದೆ ಒಳಗೆ ಸರಿದಳು. ಅಂದಿನಿಂದ ಮುದುಕಿ ಮಗನ ಎದುರಿಗೆ ಬರುವುದನ್ನು ಬಿಟ್ಟಳು. ಅತ್ತೆ ಸೊಸೆ ಇಬ್ಬರೂ ಅವನನ್ನು ನೋಡದೆ, ಒಬ್ಬರನ್ನೊಬ್ಬರೂ ನೋಡದೆ, ಒಂದೇ ಸೂರಿನ ಕೆಳಗೆ ಓಡಾಡಿಕೊಂಡಿದ್ದರು. ಅವರಿಗೆ ಉಳಿದಿದ್ದ ಸಮಾಧಾನ ಒಂದೇ: ಮಗನನ್ನು ಕೊಟ್ಟಾದರೂ ಮುದುಕಿಯ ಜೀವ ಉಳಿದಿದೆ.

ಹಂಗಾಮಿನ ಕೊನೆಯ ಸೀಕರಣಿ ಊಟ ಬಂತು. ಹಿರಿಯ ಹೆಂಗಸರಿಗೆ ಮತ್ತೆ ಮೊದಲ ಸಾಲು. ಈ ಸಲ ನೀಲಗಂಗಾ ಅತ್ತೆಯ ಕೀಲಿ ತಿರುವಿ ಕೂತಳು. ಸಂಗವ್ವ ಕಣ್ಣು ಮುಚ್ಚಿ ಒಂದು ತುತ್ತು ನುಂಗಿದಳು. ಗೆರೆ ಮೇಲಕ್ಕೇ ಹೋಯಿತು. ಡಾ. ಗಲಗಲಿಯವರು ಸಂತೋಷದಿಂದ ಚನ್ನವೀರನನ್ನು ಎಬ್ಬಿಸಿ ನಿಲ್ಲಿಸಿ, ಕೈಗೆ ಮೈಕು ಕೊಟ್ಟರು.

"ಮಾಸ್ತರ್ರು ಮದಲು ಹೆಂಗಿದ್ರು, ಎಲ್ಲಾರಿಗೂ ಗೊತ್ತದ. ಈಗ ಹೆಂಗ ಅನಸತದ, ನೀವ ಹೇಳ್ರಿ."

"ಭಾಳ ಛಲೋ ಐತ್ರಿ" ಎಂದ ಚನ್ನವೀರ. ಮುಖದ ತುಂಬ ನಗು. "ಹಣ್ಣೂ ಛಲೋ, ಒಪ್ಪನೂ ಛಲೋ. ಅವತ್ತು ಗೆರಿ ಕೆಡಿಸಿದಾಂವ ನಾ ಅಲ್ರಿ. ನನ್ನ ಗುಂಡಿ ಬಂದ್ ಇತ್ತು. ಎರಡು ವರ್ಷದಿಂದ ಗಂಗಾನ ಮ್ಯಾಲಿಂದ ಬಂದ್ ಮಾಡತಿದ್ಲು. ಹಣ್ಣು ಸೇರದಾಕಿ ನಮ್ಮವ್ವ. ಇವತ್ತ ಅಕಿ ಗುಂಡೀನೂ ಬಂದ್ ಇರಬೇಕು ನೋಡ್ರಿ. ಇಬ್ಬರಿಗೂ ಒಪ್ಪ ಹಾಕಸ್ರಿ. ನನಗ ಇಷ್ಟ್ ಛಲೋ ಅನಸತೈತಿ, ಅವರಿಗೂ ಅನಸಲಿ. ನನ್ನವರಲ್ರೀ ಅವರು."

ಅವನ ದನಿಯಲ್ಲಿ ಸೇಡಿರಲಿಲ್ಲ, ಕುಹಕವಿರಲಿಲ್ಲ. ಅಷ್ಟು ತುಂಬು ಪ್ರೀತಿಯಿಂದ ಅವನು ಯಾವತ್ತೂ ಮಾತಾಡಿರಲಿಲ್ಲ. ಜನ ಚಪ್ಪಾಳೆ ಹೊಡೆದರು. ಹಸಿರು ಗೆರೆ ಅವತ್ತಿನ ಎತ್ತರಕ್ಕೆ ಹಿಂದೆಂದೂ ಏರಿರಲಿಲ್ಲ.

ಡಾಕ್ಟರರು ಮೆಟ್ಟಿಲು ಹತ್ತಿ ಬಂದರು. ಗದರಲಿಲ್ಲ. ನೀಲಗಂಗಾಳ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, ಸಂಗವ್ವನ ಕೀಲಿಯನ್ನು ತಾವೇ ತಿರುವಿದರು.

ಕೆಳಗೆ ಸಂಗವ್ವನಿಗೆ ಎಲ್ಲರ ಕಣ್ಣೂ ತನ್ನ ಮೇಲಿದೆ ಎಂದು ಗೊತ್ತಾಯಿತು. "ಸೇರತೈತಿ, ನನಗ ಸೇರತೈತಿ" ಅನ್ನುತ್ತ ಅವಳು ಬಟ್ಟಲಿನ ಸೀಕರಣಿಯನ್ನು ಬಾಯಿಗೆ ತುಂಬಿಕೊಂಡಳು. ಗೆರೆ ಕಲ್ಲಿನಂತೆ ಬಿತ್ತು. ಜೀವಮಾನವಿಡೀ ಅವಳು ಮೂಗು ಮುಚ್ಚಿ ಹಿಂಡಿ, ಕಲಸಿ, ಊರಿಗೆಲ್ಲ ಬಡಿಸಿದ್ದರ ಬೇಸರ ಒಂದೇ ಸಲ ಅಲ್ಲಿ ಕೂತವರೆಲ್ಲರ ಬಾಯಿಗೆ ಬಂತು. ಸಾಲುಸಾಲಾಗಿ ಜನ ಎಲೆಯ ಮೇಲೆಯೇ ಬಗ್ಗಿ ವಾಂತಿ ಮಾಡಿಕೊಂಡರು. ಮಕ್ಕಳು ಚೀರಿದವು. ಗಾಜಿನ ಕೋಣೆಯಲ್ಲಿ, ಸದಾ ಗುಂಡಿ ಹಚ್ಚಿಕೊಂಡೇ ಇರುತ್ತಿದ್ದ ಡಾಕ್ಟರರು ಕಂಬಿ ಹಿಡಿದು, ಕರವಸ್ತ್ರ ಬಾಯಿಗೊತ್ತಿಕೊಂಡು ಕೂತುಬಿಟ್ಟರು. ಅವರ ಕಣ್ಣಲ್ಲಿ ನೀರಿತ್ತು.

"ಪಾಪ, ಹಿರಿಯ ಜೀವ" ಎಂದರು, ಸುಧಾರಿಸಿಕೊಂಡು. "ಇಷ್ಟು ವರ್ಷ ಎಷ್ಟು ಕಷ್ಟಪಟ್ಟಾರ." ಆಮೇಲೆ ಕೆಳಗಿದ್ದ ತಮ್ಮ ಜನಕ್ಕೆ ಸನ್ನೆ ಮಾಡಿದರು.

ಆ ಹೊಲಸಿನ ನಡುವೆ ಉಣ್ಣುತ್ತಿದ್ದವರು ಇಬ್ಬರೇ. ಅತ್ತ ಜಹಗೀರದಾರರು, ಇತ್ತ ಚನ್ನವೀರ. ಅವರ ಮೆದುಳಿನ ಕೀಲಿ ಬಿದ್ದ ಕೋಣೆಯೊಳಕ್ಕೆ ಯಾರ ಬೇಡವೂ ಹೋಗುವಂತಿರಲಿಲ್ಲ. ಚನ್ನವೀರ ತನ್ನ ಬಟ್ಟಲು ಬರಿದು ಮಾಡಿ ಪಕ್ಕಕ್ಕೆ ಕೈ ಚಾಚಿದ.

"ನಿನಗ ಬ್ಯಾಡಾಗಿದ್ರ ನನಗ ಕೊಡವಾ" ಎಂದು ಅವ್ವನ ಬಟ್ಟಲನ್ನು ಎಳೆದುಕೊಂಡ.

ರಸಶಾಲೆಯ ಇಬ್ಬರು ಬಂದು ಸಂಗವ್ವನ ರಟ್ಟೆ ಹಿಡಿದು ಎಬ್ಬಿಸಿದರು. ಅವಳು ಕೂಗಾಡಲಿಲ್ಲ. ಹೋಗುತ್ತ ಒಮ್ಮೆ ಮಗನ ತಲೆ ಮುಟ್ಟಲು ಕೈ ಎತ್ತಿದಳು, ಕೈ ತಲುಪಲಿಲ್ಲ. ನೀಲಗಂಗಾಳನ್ನು ಮೆಟ್ಟಿಲಿಳಿಸಿ ಕರೆತಂದರು. ಅವಳು ಗಂಡನ ಮುಂದೆ ನಿಂತಳು. ಅವನು ಬೆರಳು ನೆಕ್ಕುತ್ತ ತಲೆ ಎತ್ತಿ, ಓಣಿಯಲ್ಲಿ ಎದುರಾದ ಯಾರನ್ನೇ ಆಗಲಿ ನೋಡಿ ನಗುವ ಹಾಗೆ ನಕ್ಕ.

"ನಮ್ಮನ್ನ ಒಯ್ಯಾಕತ್ತಾರ್ರಿ" ಎಂದಳು.

"ಛಲೋ ಆತು. ಹೋಗಿ ಬರ್ರಿ."

"ಅವ್ವ ವಾಪಸ್ ಬರದಿದ್ರ?" ಅವಳು ಅವನ ತೋಳು ಹಿಡಿದಳು. "ನಾನೂ ನಾನಾಗಿ ಬರದಿದ್ರ?"

ಚನ್ನವೀರ ಊಟ ನಿಲ್ಲಿಸಿದ. ಹೆಂಡತಿ ಇಷ್ಟು ಕಷ್ಟಪಟ್ಟು ಕೇಳುತ್ತಿದ್ದಾಳೆ, ಸುಮ್ಮನೆ ಏನಾದರೂ ಹೇಳಬಾರದು ಎಂಬಂತೆ ಸ್ವಲ್ಪ ಹೊತ್ತು ಯೋಚಿಸಿದ.

"ಅದೂ ಛಲೋನ ಇರತೈತಿ ಗಂಗಾ" ಎಂದ.